ವಿ-ಟ್ವಿನ್ ಟ್ಯೂನಿಂಗ್: ಮುಂದಿನ ಸಿಲಿಂಡರ್‌ನ ಲೆಕ್ಕ ಬೇರೆ, ಹಿಂದಿನದರ ಲೆಕ್ಕ ಬೇರೆ

ವಿ ಆಕಾರದಲ್ಲಿ ಎರಡು ಸಿಲಿಂಡರ್ ಇರುವ ವಿ-ಟ್ವಿನ್ ಗಾಡಿಯ ಎರಡು ಪ್ಲಗ್ ಬಿಚ್ಚಿ ನೋಡಿದಾಗ ಒಂದು ಬಿಳಿಚಿಕೊಂಡು, ಇನ್ನೊಂದು ಮಸಿ ಹಿಡಿದಿದ್ದರೆ ಹೆಚ್ಚಿನವರು ಮಾಡುವ ಮೊದಲ ಕೆಲಸ, ಪೆಟ್ರೋಲ್ ಒಟ್ಟಾರೆ ಒಂದಿಷ್ಟು ಏರಿಸುವುದು ಇಲ್ಲವೇ ಇಳಿಸುವುದು. ಏರಿಸಿದರೆ, ಪೆಟ್ರೋಲ್ ಸಾಲದೆ ಬಿಳಿಚಿದ್ದು ಸರಿಯಾಗಬಹುದು, ಆದರೆ ಪೆಟ್ರೋಲ್ ಹೆಚ್ಚಾಗಿ ಮಸಿ ಹಿಡಿದದ್ದು ಇನ್ನೂ ಕೆಡುತ್ತದೆ; ಇಳಿಸಿದರೆ ಇದರ ಉಲ್ಟಾ. ಎರಡು ಸಿಲಿಂಡರ್‌ಗಳೂ ಸಮ ಇರಬೇಕು ಎನ್ನುವ ಹಟವನ್ನು ಮೊದಲು ಬಿಡಬೇಕು. ಅವು ಸಮ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಪ್ರತಿಯೊಂದಕ್ಕೂ ಅದು ನಿಜವಾಗಿ ಎಳೆದುಕೊಳ್ಳುವ ಗಾಳಿಗೆ ತಕ್ಕ ಪೆಟ್ರೋಲ್ ಮತ್ತು ಅದು ತಡೆದುಕೊಳ್ಳುವಷ್ಟು ಸ್ಪಾರ್ಕ್ ಅಡ್ವಾನ್ಸ್ (ಪಿಸ್ಟನ್ ಮೇಲಕ್ಕೆ ತಲುಪುವ ಎಷ್ಟು ಮೊದಲು ಕಿಡಿ ಹಾರಬೇಕು ಎಂಬ ಅಂತರ) ಸಿಗಬೇಕು, ಅಷ್ಟೇ.

ಇಲ್ಲಿ ಮುಖ್ಯವಾಗಿ ಹಾರ್ಲೆ-ಡೇವಿಡ್‌ಸನ್ ಸ್ಪೋರ್ಟ್‌ಸ್ಟರ್‌ನ ಗಾಳಿಯಿಂದ ತಣಿಯುವ 883 ಮತ್ತು 1200 ಎಂಜಿನ್‌ಗಳನ್ನು ಇಟ್ಟುಕೊಂಡು ಹೇಳಿದೆ. 2010ರಿಂದ ಭಾರತದಲ್ಲಿ ಮಾರಾಟವಾದವೆಲ್ಲ ಫ್ಯುಯೆಲ್ ಇಂಜೆಕ್ಷನ್‌ನವು. ಎರಡೆರಡು ಥ್ರಾಟಲ್ ಬಾಡಿ (ಗಾಳಿ ಒಳಬಿಡುವ ಬಾಯಿ) ಇರುವ ಗಾಡಿಗಳ ಸಿಂಕ್ ಕೆಲಸ, ಅಂದರೆ ಎರಡರ ಗಾಳಿ ಸಮ ಮಾಡುವುದು, ಕೊನೆಯಲ್ಲಿದೆ.

ವ್ಯತ್ಯಾಸ ಎಲ್ಲಿಂದ ಬರುತ್ತದೆ

ಸಿಲಿಂಡರ್‌ಗಳ ನಡುವಿನ ಕೋನ 45 ಡಿಗ್ರಿ, ಎರಡೂ ಕನೆಕ್ಟಿಂಗ್ ರಾಡ್‌ಗಳಿಗೆ ಒಂದೇ ಕ್ರ್ಯಾಂಕ್‌ಪಿನ್. ಹಾಗಾಗಿ ಮುಂದಿನದು ಫೈರ್ ಆದ 315 ಡಿಗ್ರಿಗೆ ಹಿಂದಿನದು, ಅದಾದ 405 ಡಿಗ್ರಿಗೆ ಮತ್ತೆ ಮುಂದಿನದು. ಆ ಕುಂಟುವ ಸದ್ದು ಇದರದ್ದೇ. ಗಾಳಿ ಎಳೆಯುವ ಸರದಿಯೂ ಇದೇ ಅಂತರದಲ್ಲಿ ಬರುತ್ತದೆ. ಇಂಟೇಕ್ ವಾಲ್ವ್ 240 ಡಿಗ್ರಿ ತೆರೆದಿರುವ ಕ್ಯಾಮ್ ಎಂದಿಟ್ಟುಕೊಳ್ಳಿ. ಮುಂದಿನ ವಾಲ್ವ್ ಮುಚ್ಚಿದ 75 ಡಿಗ್ರಿಗೆಲ್ಲ ಹಿಂದಿನದು ತೆರೆಯುತ್ತದೆ, ಆದರೆ ಹಿಂದಿನದು ಮುಚ್ಚಿದ ಮೇಲೆ ಮುಂದಿನದು ತೆರೆಯಲು 165 ಡಿಗ್ರಿ ಕಾಯಬೇಕು. ಎರಡಕ್ಕೂ ಒಂದೇ ಥ್ರಾಟಲ್ ಬಾಡಿ, ಒಂದೇ ಕವಲು ಮ್ಯಾನಿಫೋಲ್ಡ್. ಹಿಂದಿನದು ಬಾಯಿ ತೆರೆಯುವ ಹೊತ್ತಿಗೆ ಮ್ಯಾನಿಫೋಲ್ಡ್‌ನೊಳಗಿನ ಗಾಳಿ ಮುಂದಿನ ಕಡೆಗೆ ನುಗ್ಗಿ, ಮುಚ್ಚಿದ ವಾಲ್ವ್‌ಗೆ ಬಡಿದು ಹಿಂತಿರುಗುತ್ತಿರುತ್ತದೆ. ಕೆಲವು ಆರ್‌ಪಿಎಂಗಳಲ್ಲಿ ಈ ಅಲೆ ಹಿಂದಿನ ಸಿಲಿಂಡರ್‌ಗೆ ಲಾಭ, ಕೆಲವು ಕಡೆ ನಷ್ಟ. ಆದ್ದರಿಂದ ಮುಂದಿನದಕ್ಕೆ ಯಾವಾಗಲೂ ಇಂತಿಷ್ಟು ಶೇಕಡಾ ಹೆಚ್ಚು ಎಂಬ ಸೂತ್ರ ಕೆಲಸ ಮಾಡುವುದಿಲ್ಲ. ವ್ಯತ್ಯಾಸ ಆರ್‌ಪಿಎಂ ಜೊತೆಗೆ ಬದಲಾಗುತ್ತದೆ, ಒಮ್ಮೊಮ್ಮೆ ಉಲ್ಟಾ ಕೂಡ ಆಗುತ್ತದೆ.

ಎಕ್ಸಾಸ್ಟ್ ಕಡೆಯೂ ಅಷ್ಟೇ. ಮುಂದಿನ ಬೆಂಡ್ ಪೈಪ್ ಮತ್ತು ಹಿಂದಿನ ಬೆಂಡ್ ಪೈಪ್ ಒಂದೇ ಉದ್ದ ಇರುವುದಿಲ್ಲ. ಕಂಪನಿಯ ಸೈಲೆನ್ಸರ್ ತೆಗೆದು, ನಡುವಿನ ಜೋಡು ಪೈಪ್ ಇಲ್ಲದ ಸೆಟ್ ಹಾಕಿದರೆ ಎರಡರ ನಡುವಿನ ವ್ಯತ್ಯಾಸವೂ ಬದಲಾಗುತ್ತದೆ. ಪೈಪ್ ಬದಲಿಸಿದವರು ಹಳೆಯ ಮ್ಯಾಪ್‌ಗೆ (ಎಷ್ಟು ಪೆಟ್ರೋಲ್ ಬಿಡಬೇಕು ಎಂದು ಗಾಡಿಯ ಕಂಪ್ಯೂಟರ್‌ನಲ್ಲಿರುವ ಟೇಬಲ್) ಒಟ್ಟಾರೆ ಶೇಕಡಾ 5 ಸೇರಿಸಿ ಕೈತೊಳೆದುಕೊಂಡರೆ ಆಗುವುದಿಲ್ಲ ಅನ್ನುವುದು ಇದಕ್ಕೇ.

ಇನ್ನು ಬಿಸಿ. ಹಿಂದಿನ ಸಿಲಿಂಡರ್ ಮುಂದಿನದರ ಮರೆಯಲ್ಲಿದೆ. ಅದರ ಎಕ್ಸಾಸ್ಟ್ ಪೋರ್ಟ್ ಹಿಂದಕ್ಕೆ ಮುಖ ಮಾಡಿರುವುದರಿಂದ, ಅತಿ ಹೆಚ್ಚು ಕಾಯುವ ಜಾಗಕ್ಕೇ ಗಾಳಿ ಕೊನೆಗೆ ತಲುಪುತ್ತದೆ. ಎಂಜಿನ್ ಟೆಂಪರೇಚರ್ ಸೆನ್ಸರ್ ಇರುವುದು ಒಂದೇ ಹೆಡ್‌ನಲ್ಲಿ. ಇನ್ನೊಂದು ಹೆಡ್ ಎಷ್ಟು ಕಾದಿದೆ ಎಂದು ಇಸಿಯುಗೆ (ಎಂಜಿನ್ ನಡೆಸುವ ಕಂಪ್ಯೂಟರ್‌ಗೆ) ತಿಳಿಯುವುದಿಲ್ಲ.

ಲ್ಯಾಪ್‌ಟಾಪ್ ತೆರೆಯುವ ಮುನ್ನ

ಮ್ಯಾಪ್‌ನಲ್ಲಿ ಸರಿ ಮಾಡಲು ಹೊರಟ ವ್ಯತ್ಯಾಸ ನಿಜಕ್ಕೂ ಗಾಳಿಯದೋ ಅಥವಾ ಎಲ್ಲೋ ಲೀಕ್‌ನದೋ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಲೀಕ್ ಇಟ್ಟುಕೊಂಡು ಮಾಡಿದ ಮ್ಯಾಪ್, ಲೀಕ್ ರಿಪೇರಿಯಾದ ದಿನವೇ ಕೆಲಸಕ್ಕೆ ಬಾರದಾಗುತ್ತದೆ.

ಕಂಪ್ರೆಷನ್ ನೋಡುವುದು ಹೀಗೆ. ಎಂಜಿನ್ ಬಿಸಿ ಮಾಡಿ, ಎರಡೂ ಪ್ಲಗ್ ತೆಗೆಯಿರಿ. ಫ್ಯುಯೆಲ್ ಪಂಪ್ ಫ್ಯೂಸ್ ಕಿತ್ತಿಡಿ, ಪ್ಲಗ್ ವೈರ್‌ಗಳನ್ನು ಅರ್ತ್ ಮಾಡಿ. ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು, ಚೆನ್ನಾಗಿ ಚಾರ್ಜ್ ಆದ ಬ್ಯಾಟರಿಯಲ್ಲಿ ಐದಾರು ಕಂಪ್ರೆಷನ್ ಸ್ಟ್ರೋಕ್ ಬರುವಷ್ಟು ಸೆಲ್ಫ್ ಹೊಡೆಯಿರಿ. ಎರಡರ ನಡುವೆ ಶೇಕಡಾ 10ಕ್ಕಿಂತ ಹೆಚ್ಚು ಅಂತರ ಇದ್ದರೆ ಟ್ಯೂನಿಂಗ್ ಮಾತು ಅಲ್ಲಿಗೆ ನಿಲ್ಲಲಿ. ಕಡಿಮೆ ಬಂದ ಸಿಲಿಂಡರ್‌ಗೆ ಒಂದು ಟೀ ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ: ಒತ್ತಡ ಏರಿದರೆ ರಿಂಗ್, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್.

ನಂತರ ಎಕ್ಸಾಸ್ಟ್ ಲೀಕ್. ಹೆಡ್‌ಗೆ ಬೆಂಡ್ ಪೈಪ್ ಸೇರುವಲ್ಲಿ ಗ್ಯಾಸ್ಕೆಟ್ ಸ್ವಲ್ಪ ಬಿಟ್ಟಿದ್ದರೂ ಸಾಕು, ಪಲ್ಸ್‌ಗಳ ನಡುವೆ ಹೊರಗಿನ ಗಾಳಿ ಒಳಕ್ಕೆ ಎಳೆಯುತ್ತದೆ. ಆಕ್ಸಿಜನ್ ಸೆನ್ಸರ್ ಅದನ್ನು ಲೀನ್ (ಗಾಳಿಗೆ ಪೆಟ್ರೋಲ್ ಸಾಲದು) ಎಂದು ಓದುತ್ತದೆ. ಕ್ಲೋಸ್ಡ್ ಲೂಪ್‌ನಲ್ಲಿ, ಅಂದರೆ ಈ ಸೆನ್ಸರ್ ನೋಡಿಕೊಂಡು ಪೆಟ್ರೋಲ್ ತಿದ್ದುವಾಗ, ಇಸಿಯು ಆ ಸಿಲಿಂಡರ್‌ಗೆ ಸುಮ್ಮಸುಮ್ಮನೆ ಪೆಟ್ರೋಲ್ ಸುರಿಯುತ್ತದೆ. ಎಂಜಿನ್ ತಣ್ಣಗಿರುವಾಗ ವ್ಯಾಕ್ಯೂಮ್ ಕ್ಲೀನರ್‌ನ ಊದುವ ಬಾಯಿಯನ್ನು ಸೈಲೆನ್ಸರ್ ತುದಿಗೆ ಹಿಡಿದು ಜಾಯಿಂಟ್‌ಗಳಿಗೆ ಸೋಪಿನ ನೀರು ಹಚ್ಚಿ. ಗುಳ್ಳೆ ಬಂದ ಕಡೆ ಗ್ಯಾಸ್ಕೆಟ್ ಹೊಸದು ಹಾಕಿ, ಹಳೆಯದನ್ನೇ ಬಿಗಿ ಮಾಡುತ್ತಾ ಕೂರಬೇಡಿ.

ಇಂಟೇಕ್ ಲೀಕ್ ಇನ್ನೂ ಕಳ್ಳ. ಮ್ಯಾನಿಫೋಲ್ಡ್‌ನ ಎರಡು ತುದಿಗೂ ಒಂದೊಂದು ರಬ್ಬರ್ ಸೀಲ್ ಇದೆ. ಬಿಸಿಗೆ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಹಿಂದಿನ ಪೋರ್ಟ್ ಸೀಲ್ ಬಿಟ್ಟಿದೆ ಎನ್ನೋಣ. ಸೋರಿ ಬಂದ ಗಾಳಿಯಿಂದ ಮ್ಯಾನಿಫೋಲ್ಡ್ ಒತ್ತಡ ಏರುತ್ತದೆ, ಅಲ್ಲಿರುವ ಒಂದೇ ಒತ್ತಡದ ಸೆನ್ಸರ್ (MAP ಸೆನ್ಸರ್) ಅದನ್ನು ಓದುತ್ತದೆ, ಇಸಿಯು ಎರಡೂ ಇಂಜೆಕ್ಟರ್‌ಗಳಲ್ಲಿ ಪೆಟ್ರೋಲ್ ಹೆಚ್ಚಿಸುತ್ತದೆ. ಸೋರಿದ ಗಾಳಿಯ ಹೆಚ್ಚಿನ ಪಾಲು ಹೋಗುವುದು ಮಾತ್ರ ಹಿಂದಿನದಕ್ಕೆ. ಫಲ, ಹಿಂದಿನದು ಲೀನ್, ಮುಂದಿನದು ರಿಚ್ (ಪೆಟ್ರೋಲ್ ಹೆಚ್ಚು). ಈ ಅಂತರ ಐಡ್ಲಿಂಗ್ ಮತ್ತು ಸಣ್ಣ ಥ್ರಾಟಲ್‌ನಲ್ಲಿ ಜೋರಾಗಿದ್ದು, ಪೂರ್ತಿ ರೇಸ್ ಕೊಟ್ಟಾಗ ಮಾಯವಾದರೆ ಸೀಲ್ ಮೇಲೆಯೇ ಅನುಮಾನ ಇಡಿ. ಪತ್ತೆಗೆ ಸ್ಮೋಕ್ ಮಷಿನ್ ಒಳ್ಳೆಯದು. ಇಲ್ಲದಿದ್ದರೆ, ತಣ್ಣಗಿರುವ ಗಾಡಿ ಸ್ಟಾರ್ಟ್ ಮಾಡಿ, ಪೈಪ್ ಕಾಯುವ ಮುಂಚೆ ಸೀಲ್ ಸುತ್ತ ಕಾರ್ಬ್ ಕ್ಲೀನರ್ ಸಣ್ಣಗೆ ಸ್ಪ್ರೇ ಮಾಡಿ, ಆರ್‌ಪಿಎಂ ಬದಲಾದರೆ ಲೀಕ್ ಅಲ್ಲೇ. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಂತಿರಲಿ. ಬಿಸಿ ಪೈಪ್ ಮೇಲೆ ಈ ಸ್ಪ್ರೇ ಬಿದ್ದರೆ ಹೊತ್ತಿಕೊಳ್ಳುತ್ತದೆ. ಸೀಲ್ ಬದಲಿಸುವಾಗ ಮುಂದಿನ ಮತ್ತು ಹಿಂದಿನ ಫ್ಲ್ಯಾಂಜ್‌ಗಳನ್ನು ಅದಲುಬದಲು ಮಾಡಬೇಡಿ, ಅವು ಒಂದೇ ಅಲ್ಲ. ನಾಲ್ಕೂ ಬೋಲ್ಟ್ ಕೈಯಲ್ಲಿ ತಿರುಗುವಷ್ಟು ಸಡಿಲ ಇಟ್ಟು, ಮ್ಯಾನಿಫೋಲ್ಡ್ ತಾನಾಗಿ ನೇರ ಕೂತ ಮೇಲೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಒಂದು ಕಡೆ ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ಎರಡನೇ ಸೀಲ್ ಓರೆಯಾಗಿ ಕೂತು ಮೊದಲ ದಿನದಿಂದಲೇ ಸೋರುತ್ತದೆ. ಉದ್ದನೆಯ ಬಾಲ್ ಎಂಡ್ ಅಲೆನ್ ಕೀ, ಅದೂ ಇಂಚಿನ ಅಳತೆಯದು, ಇಲ್ಲದೆ ಒಳಗಿನ ಬೋಲ್ಟ್‌ಗಳಿಗೆ ಕೈ ಹಾಕಬೇಡಿ.

ಉಳಿದದ್ದಕ್ಕೆ ಅದಲುಬದಲು ಪರೀಕ್ಷೆ. ಮುಂದಿನ ಪ್ಲಗ್ ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕಿ. ತೊಂದರೆ ಜೊತೆಗೇ ಹೋದರೆ ಪ್ಲಗ್ ತಪ್ಪಿತಸ್ಥ. ಹೋಗದಿದ್ದರೆ ಇಂಜೆಕ್ಟರ್, ಆಮೇಲೆ ಆಕ್ಸಿಜನ್ ಸೆನ್ಸರ್. ಒಂದು ಸಲಕ್ಕೆ ಒಂದೇ ಬದಲಾವಣೆ. ಪೆಟ್ರೋಲ್ ಒತ್ತಡ 55ರಿಂದ 62 ಪಿಎಸ್‌ಐ ಇರಬೇಕು, ಆದರೆ ಎರಡೂ ಇಂಜೆಕ್ಟರ್‌ಗಳಿಗೆ ಬರುವುದು ಒಂದೇ ಒತ್ತಡ. ಒಂದೇ ಸಿಲಿಂಡರ್ ಲೀನ್ ಆಗಿದ್ದರೆ ಪಂಪ್ ಬದಲಿಸಲು ಹೊರಟವರ ಮಾತು ಕೇಳಬೇಡಿ. ಪ್ಲಗ್ ಗ್ಯಾಪ್ ಎರಡರಲ್ಲೂ 0.97ರಿಂದ 1.09 ಮಿ.ಮೀ. ಒಳಗೆ, ಒಂದೇ ಅಳತೆಗೆ ಇಡಿ. ರೆಸಿಸ್ಟರ್ ಇರುವ ಪ್ಲಗ್ ಮಾತ್ರ ಹಾಕಿ. ಈ ಗಾಡಿಗಳಲ್ಲಿರುವ ಡೆಲ್ಫಿ ಕಂಪನಿಯ ಇಸಿಯು ನಾಕಿಂಗ್ (ಮಿಶ್ರಣ ಹೊತ್ತಿಗೆ ಮೊದಲೇ ತಾನಾಗಿ ಸಿಡಿಯುವುದು) ಪತ್ತೆ ಮಾಡುವುದು ಪ್ಲಗ್ ಮೂಲಕವೇ ಹರಿಯುವ ಅಯಾನ್ ಕರೆಂಟ್ ನೋಡಿ.

ಅಳೆಯುವುದು

ಪ್ರತಿ ಸಿಲಿಂಡರ್‌ಗೆ ಅದರದೇ ವೈಡ್‌ಬ್ಯಾಂಡ್ ಸೆನ್ಸರ್ (ಮಿಶ್ರಣ ಎಷ್ಟು ಲೀನ್, ಎಷ್ಟು ರಿಚ್ ಎಂದು ಸಂಖ್ಯೆಯಲ್ಲಿ ಹೇಳುವ ಆಕ್ಸಿಜನ್ ಸೆನ್ಸರ್) ಬೇಕು. ಬೆಂಡ್ ಪೈಪ್‌ನಲ್ಲಿ ಕಂಪನಿಯ ಸೆನ್ಸರ್ ಕೂರುವ ತೂತುಗಳನ್ನೇ ಬಳಸಬಹುದು: ಸ್ಪೋರ್ಟ್‌ಸ್ಟರ್‌ನಲ್ಲಿ 2013ರ ಮಾಡೆಲ್‌ವರೆಗೆ 18 ಮಿ.ಮೀ., 2014ರಿಂದ 12 ಮಿ.ಮೀ. ವೈಡ್‌ಬ್ಯಾಂಡ್ ಸೆನ್ಸರ್ ಸಾಮಾನ್ಯವಾಗಿ 18ರದ್ದು, ಆದ್ದರಿಂದ ಹೊಸ ಗಾಡಿಗಳಲ್ಲಿ ಪೈಪ್‌ಗೆ ಬೇರೆ ಬಂಗ್ (ಸೆನ್ಸರ್ ಕೂರುವ ಥ್ರೆಡ್ ಇರುವ ಬಳೆ) ವೆಲ್ಡ್ ಮಾಡಿಸಬೇಕಾಗುತ್ತದೆ. ಸೆನ್ಸರ್ ತುದಿ ಕೆಳಮುಖವಾಗಿ ಓರೆ ಇರಲಿ, ನೀರಿನ ಹನಿ ನಿಂತರೆ ಒಳಗಿನ ಸೆರಾಮಿಕ್ ಒಡೆಯುತ್ತದೆ.

ಸೆನ್ಸರ್ ಜೋಡಿಸಿದ ಮೇಲೆ ಯಾವ ಚಾನೆಲ್ ಯಾವ ಸಿಲಿಂಡರ್‌ನದು ಎಂದು ಪರೀಕ್ಷಿಸದೆ ಮುಂದೆ ಹೋಗಬೇಡಿ. ಐಡ್ಲಿಂಗ್‌ನಲ್ಲಿ ಹಿಂದಿನ ಇಂಜೆಕ್ಟರ್‌ನ ಕನೆಕ್ಟರ್ ಕಿತ್ತರೆ ಹಿಂದಿನ ರೀಡಿಂಗ್ ತಕ್ಷಣ ಪೂರ್ತಿ ಲೀನ್‌ಗೆ ಹೋಗಬೇಕು. ಮುಂದಿನದು ಹೋದರೆ ವೈರ್ ಅದಲುಬದಲಾಗಿದೆ. ಕ್ಲೋಸ್ಡ್ ಲೂಪ್‌ನಲ್ಲಿ ಹೀಗಾದರೆ ಒಂದು ಸಿಲಿಂಡರ್‌ನ ತಪ್ಪಿಗೆ ಇಸಿಯು ಇನ್ನೊಂದನ್ನು ತಿದ್ದುತ್ತಾ ಹೋಗುತ್ತದೆ. ಒಂದರ ಕರೆಕ್ಷನ್ ಮೇಲಿನ ಮಿತಿಗೂ ಇನ್ನೊಂದರದು ಕೆಳಗಿನ ಮಿತಿಗೂ ಹೋಗಿ ಅಂಟಿಕೊಳ್ಳುತ್ತವೆ. ಲಾಗ್‌ನಲ್ಲಿ ಇಂಥ ಕನ್ನಡಿಬಿಂಬ ಕಂಡರೆ ಮೊದಲು ನೋಡಬೇಕಾದದ್ದು ಕನೆಕ್ಟರ್‌ಗಳನ್ನು.

ಓದುವುದನ್ನು ಲ್ಯಾಂಬ್ಡಾದಲ್ಲಿ ಓದಿ, ಏರ್-ಫ್ಯುಯೆಲ್ ಅನುಪಾತದಲ್ಲಿ ಬೇಡ. ಲ್ಯಾಂಬ್ಡಾ ಎಂದರೆ ಅಳೆದ ಅನುಪಾತವನ್ನು ಆ ಪೆಟ್ರೋಲ್‌ನ ಸರಿ ಅನುಪಾತದಿಂದ ಭಾಗಿಸಿದ್ದು: 1ಕ್ಕಿಂತ ಹೆಚ್ಚಿದ್ದರೆ ಲೀನ್, ಕಡಿಮೆಯಿದ್ದರೆ ರಿಚ್. ಕಾರಣ ನಮ್ಮ ಬಂಕ್‌ಗಳ ಇ20, ಅಂದರೆ ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್ ಇಲ್ಲದ ಪೆಟ್ರೋಲ್‌ಗೆ ಸರಿ ಅನುಪಾತ 14.7, ಇ10ಕ್ಕೆ ಸುಮಾರು 14.1, ಇ20ಕ್ಕೆ ಸುಮಾರು 13.5. ಹಳೆಯ ಫೈಲ್‌ಗಳಲ್ಲಿ 13 ಇರಲಿ, 13.2 ಇರಲಿ ಎಂದು ಬರೆದಿರುವ ಸಂಖ್ಯೆಗಳಿಗೆ ಯಾವ ಪೆಟ್ರೋಲ್ ಎಂಬ ಲೆಕ್ಕವೇ ಇರುವುದಿಲ್ಲ. ಇ10ಕ್ಕೆ ಟ್ಯೂನ್ ಆದ ಗಾಡಿಗೆ ಇ20 ಹಾಕಿದರೆ ಓಪನ್ ಲೂಪ್‌ನಲ್ಲಿ (ಸೆನ್ಸರ್ ನೋಡದೆ ಟೇಬಲ್ ಪ್ರಕಾರವೇ ಪೆಟ್ರೋಲ್ ಬಿಡುವಾಗ) ಎರಡೂ ಸಿಲಿಂಡರ್‌ಗಳು ಶೇಕಡಾ 4ರಷ್ಟು ಲೀನ್ ಆಗುತ್ತವೆ, ಮೊದಲೇ ಲೀನ್ ಇದ್ದದ್ದು ಮೊದಲು ನಾಕಿಂಗ್‌ಗೆ ಬರುತ್ತದೆ. ಎಥೆನಾಲ್‌ನಿಂದ ನಾಕಿಂಗ್ ತಡೆಯುವ ಶಕ್ತಿ ಹೆಚ್ಚುವುದು ನಿಜ, ಅದನ್ನೇ ನಂಬಿ ಲೀನ್ ಬಿಡುವುದು ಜಾಣತನವಲ್ಲ. ಟ್ಯೂನ್ ಮುಗಿಯುವವರೆಗೂ ಒಂದೇ ಬಂಕ್‌ನ ಒಂದೇ ಪೆಟ್ರೋಲ್ ಹಾಕಿ.

ಸೆನ್ಸರ್ ಸುಳ್ಳು ಹೇಳುವ ಎರಡು ಸಂದರ್ಭಗಳಿವೆ. ಮೋಟು ಪೈಪ್, ಖಾಲಿ ಸೈಲೆನ್ಸರ್ ಇದ್ದರೆ ಸುಮಾರು 2000 ಆರ್‌ಪಿಎಂ ಕೆಳಗೆ ಹೊರಗಿನ ಗಾಳಿ ಪೈಪ್‌ನಲ್ಲಿ ಹಿಂದಕ್ಕೆ ಬಂದು ಲೀನ್ ತೋರಿಸುತ್ತದೆ. ಎರಡನೆಯದು ಮಿಸ್ಸಿಂಗ್: ಉರಿಯದ ಮಿಶ್ರಣದಲ್ಲಿ ಆಕ್ಸಿಜನ್ ಹಾಗೇ ಉಳಿಯುವುದರಿಂದ, ಪೆಟ್ರೋಲ್ ಹೆಚ್ಚಾಗಿ ಪ್ಲಗ್ ಒದ್ದೆಯಾಗಿದ್ದರೂ ರೀಡಿಂಗ್ ಲೀನ್ ಬರುತ್ತದೆ. ಇದನ್ನು ನಂಬಿ ಇನ್ನಷ್ಟು ಪೆಟ್ರೋಲ್ ಸುರಿದು ಪ್ಲಗ್ ಮುಳುಗಿಸಿದವರು ಕಡಿಮೆಯಿಲ್ಲ. ಕೆಳಗಿನ ಆರ್‌ಪಿಎಂನಲ್ಲಿ ಸಂಖ್ಯೆಗಿಂತ ಎಂಜಿನ್ ಓಡುವ ಬಗೆ, ಪ್ಲಗ್‌ನ ಬಣ್ಣ ಹೆಚ್ಚು ನಂಬಿಕಸ್ತ.

ಲೇಸರ್ ಚುಕ್ಕೆಯ ಇನ್‌ಫ್ರಾರೆಡ್ ಥರ್ಮಾಮೀಟರ್ ಬಗ್ಗೆಯೂ ಒಂದು ಮಾತು. ಹೊಳೆಯುವ ಕ್ರೋಮ್ ಮೇಲೆ ಅದು ಕಡಿಮೆ ತೋರಿಸುತ್ತದೆ, ಎರಡು ಪದರದ ಬೆಂಡ್ ಪೈಪ್ ಇದ್ದರೆ ಹೊರಗಿನ ಪದರದ್ದನ್ನಷ್ಟೇ ತೋರಿಸುತ್ತದೆ. ಸ್ಟಾರ್ಟ್ ಮಾಡಿದ ಮೊದಲ ಅರ್ಧ ನಿಮಿಷದಲ್ಲಿ ಯಾವ ಸಿಲಿಂಡರ್ ಸತ್ತಿದೆ ಎಂದು ತಿಳಿಯಲು ಸಾಕು, ಮಿಶ್ರಣ ಹೊಂದಿಸಲು ಸಾಲದು.

ಟೇಬಲ್ ತಿದ್ದುವುದು

ಇಸಿಯು ತಿದ್ದುವ ಸಾಧನಗಳಾದ ಸೂಪರ್ ಟ್ಯೂನರ್, ಪವರ್ ವಿಷನ್, ಮಾಸ್ಟರ್‌ಟ್ಯೂನ್, ಯಾವುದನ್ನೇ ಬಳಸಿದರೂ ಡೆಲ್ಫಿ ಇಸಿಯುನಲ್ಲಿ ವಿಇ ಟೇಬಲ್ ಮುಂದಿನದಕ್ಕೊಂದು ಹಿಂದಿನದಕ್ಕೊಂದು ಇರುತ್ತದೆ. ವಿಇ ಎಂದರೆ ವಾಲ್ಯೂಮೆಟ್ರಿಕ್ ಎಫಿಷಿಯನ್ಸಿ, ಸಿಲಿಂಡರ್ ತನ್ನ ಗಾತ್ರದ ಶೇಕಡಾ ಎಷ್ಟು ಗಾಳಿ ತುಂಬಿಕೊಳ್ಳುತ್ತದೆ ಎಂಬ ಲೆಕ್ಕ. ಕ್ಯಾಲಿಬ್ರೇಷನ್ ನೋಡಿಕೊಂಡು ಟೇಬಲ್‌ನ ಒಂದು ಅಕ್ಷ ಆರ್‌ಪಿಎಂ, ಇನ್ನೊಂದು ಮ್ಯಾನಿಫೋಲ್ಡ್ ಒತ್ತಡ ಅಥವಾ ಥ್ರಾಟಲ್ ಶೇಕಡಾವಾರು.

1. ಮೂಲ ಫೈಲ್ ಕಾಪಿ ಮಾಡಿ ಬೇರೆ ಕಡೆ ಇಡಿ. ಇಸಿಯು ಓಡುತ್ತಾ ತಾನೇ ಕಲಿತ ತಿದ್ದುಪಡಿಗಳನ್ನು (ಅಡಾಪ್ಟಿವ್ ಕರೆಕ್ಷನ್) ಸೊನ್ನೆಗೆ ತನ್ನಿ.

2. ಎಎಫ್‌ಆರ್ (ಏರ್-ಫ್ಯುಯೆಲ್ ಅನುಪಾತ) ಟೇಬಲ್‌ನಲ್ಲಿ 14.6 ಎಂದಿರುವ ಸೆಲ್‌ಗಳಲ್ಲಿ (ಮನೆಗಳಲ್ಲಿ) ಇಸಿಯು ಕ್ಲೋಸ್ಡ್ ಲೂಪ್‌ನಲ್ಲಿರುತ್ತದೆ, ತಾನೇ ತಿದ್ದಿ ನಿಮ್ಮ ಅಳತೆಯನ್ನು ಮುಚ್ಚಿಹಾಕುತ್ತದೆ. ಲಾಗ್ ಮಾಡುವ ತನಕ ಆ ಸೆಲ್‌ಗಳಿಗೆ ಬೇರೆ ಮೌಲ್ಯ ಕೊಟ್ಟು ಓಪನ್ ಲೂಪ್‌ಗೆ ತನ್ನಿ.

3. ಎಂಜಿನ್ ಟೆಂಪರೇಚರ್ 100 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಲಾಗ್ ಶುರು. ಡೈನೋ (ಗಾಡಿ ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಇದ್ದರೆ ಅದರ ಮೇಲೆ, ಇಲ್ಲವೇ ಬೆಳಗಿನ ಜಾವದ ಖಾಲಿ ರಸ್ತೆಯಲ್ಲಿ. ಪ್ರತಿ ಸೆಲ್‌ನಲ್ಲಿ ಎರಡು ಮೂರು ಸೆಕೆಂಡ್ ಥ್ರಾಟಲ್ ಅಲ್ಲಾಡಿಸದೆ ಹಿಡಿಯಿರಿ. ಥ್ರಾಟಲ್ ಏರಿಸುವ ಕ್ಷಣದ ಡೇಟಾ ಬಿಟ್ಟುಬಿಡಿ, ಆಗ ಆಕ್ಸಿಲರೇಷನ್‌ಗೆಂದು ಹೆಚ್ಚುವರಿ ಪೆಟ್ರೋಲ್ ಬೀಳುತ್ತಿರುತ್ತದೆ. ಸಿಗ್ನಲ್‌ನಲ್ಲಿ ನಿಂತು ಕಾದ ಎಂಜಿನ್‌ನ ಡೇಟಾ ಕೂಡ ಬೇಡ.

4. ಹೊಸ ವಿಇ = ಹಳೆಯ ವಿಇ × ಅಳೆದ ಲ್ಯಾಂಬ್ಡಾ ÷ ಬೇಕಾದ ಲ್ಯಾಂಬ್ಡಾ. ಮುಂದಿನದಕ್ಕೂ ಹಿಂದಿನದಕ್ಕೂ ಪ್ರತ್ಯೇಕ.

ಗುರಿ ಎಷ್ಟಿರಬೇಕು? ಗಾಳಿಯಿಂದ ತಣಿಯುವ ಎಂಜಿನ್‌ಗೆ ಪೂರ್ತಿ ಥ್ರಾಟಲ್‌ನಲ್ಲಿ 0.87ರಿಂದ 0.90, ಸಮ ವೇಗದ ಓಟದಲ್ಲಿ 0.96ರಿಂದ 1, ಐಡ್ಲಿಂಗ್‌ನಲ್ಲಿ 0.93ರಿಂದ 0.97 ಒಳ್ಳೆಯ ಆರಂಭ.

ಈಗ ಒಂದು ಸೆಲ್ ಹತ್ತಿರದಿಂದ ನೋಡೋಣ. ಗುರಿ 0.90. ಮುಂದಿನ ವಿಇ 82, ಅಳೆದದ್ದು 0.93, ಹಿಂದಿನ ವಿಇ 78, ಅಳೆದದ್ದು 0.88. ಸೂತ್ರದ ಪ್ರಕಾರ ಮುಂದಿನದು 84.7, ಹಿಂದಿನದು 76.3. ಮೊದಲು 4 ಇದ್ದ ಅಂತರ 8.4 ಆಯಿತು. ಇಲ್ಲಿಗೆ ಬಂದಾಗ ಹಲವರಿಗೆ ಕೈ ನಡುಗುತ್ತದೆ. ಇಷ್ಟು ಅಂತರ ಇರಲಿಕ್ಕಿಲ್ಲ ಎಂದು ಎರಡರ ಸರಾಸರಿ 80.5 ತೆಗೆದು ಎರಡಕ್ಕೂ ತುಂಬುತ್ತಾರೆ. ಆಗ ಆಗುವುದೇನು? ಮುಂದಿನದು 0.947ಕ್ಕೆ ಹೋಗಿ ಪೂರ್ತಿ ಲೋಡ್‌ನಲ್ಲಿ ಲೀನ್ ಓಡುತ್ತದೆ, ಹಿಂದಿನದು 0.853ಕ್ಕೆ ಇಳಿದು ಪೆಟ್ರೋಲ್ ಸುಡುತ್ತದೆ. ಇವೆರಡರ ಸರಾಸರಿ? ಸರಿಯಾಗಿ 0.90. ಎರಡೂ ಪೈಪ್ ಸೇರುವ ಜಾಗದಲ್ಲೋ ಸೈಲೆನ್ಸರ್ ಬಾಯಲ್ಲೋ ಒಂದೇ ಸೆನ್ಸರ್ ಇಟ್ಟು ಡೈನೋ ಓಡಿಸುವವರಿಗೆ ಗ್ರಾಫ್ ಹೆಚ್ಚುಕಡಿಮೆ ಗುರಿಯ ಮೇಲೆಯೇ ಕಾಣುತ್ತದೆ. ಮುಂದಿನ ಪಿಸ್ಟನ್ ಮಾತ್ರ ಬೇಯುತ್ತಿರುತ್ತದೆ. ಡೈನೋ ಶೀಟ್ ಕೈಗೆ ಕೊಟ್ಟರೆ ಅಶ್ವಶಕ್ತಿ ಎಷ್ಟು ಎಂದು ಕೇಳುವ ಮೊದಲು ಸೆನ್ಸರ್ ಎಷ್ಟಿದ್ದವು, ಎಲ್ಲಿದ್ದವು ಎಂದು ಕೇಳಿ.

ಕೆಲವು ಸೆಲ್‌ಗಳಲ್ಲಿ 5ರಿಂದ 10 ಅಂಕದ ಅಂತರ ಬಂದರೆ ಗಾಬರಿ ಬೇಡ. ಅನುಮಾನಿಸಬೇಕಾದದ್ದು ಒಂಟಿ ಸೆಲ್‌ನ ಜಿಗಿತವನ್ನು. ಸುತ್ತಲಿನ ಎಂಟು ಸೆಲ್‌ಗಳು ಶೇಕಡಾ 2 ಕೇಳುತ್ತಿರುವಾಗ ನಡುವಿನ ಒಂದು ಮಾತ್ರ 12 ಕೇಳಿದರೆ ಅದು ಕೆಟ್ಟ ಡೇಟಾ. ಒಂದು ಸಿಲಿಂಡರ್‌ನ ಇಡೀ ಟೇಬಲ್ ಶೇಕಡಾ 10ಕ್ಕಿಂತ ಹೆಚ್ಚು ಕೇಳಿದರೆ ಇಂಜೆಕ್ಟರ್ ಕಟ್ಟಿದೆ ಅಥವಾ ಎಕ್ಸಾಸ್ಟ್ ಸೋರುತ್ತಿದೆ. ಪಾನಾ ಹಿಡಿದು ಮತ್ತೆ ಗಾಡಿಯ ಹತ್ತಿರ ಹೋಗಿ. ಒಂದು ಸುತ್ತಿಗೆ ಶೇಕಡಾ 5ಕ್ಕಿಂತ ಹೆಚ್ಚು ತಿದ್ದದೆ, ಮತ್ತೆ ಲಾಗ್ ಮಾಡಿ, ಮತ್ತೆ ತಿದ್ದಿ. ಮೂರು ನಾಲ್ಕು ಸುತ್ತಿನಲ್ಲಿ ಎರಡೂ ಗುರಿಯ ಶೇಕಡಾ 2ರ ಒಳಗೆ ಬರಬೇಕು.

ಬೆಂಗಳೂರಿನಲ್ಲಿ ಟ್ಯೂನ್ ಮಾಡುವವರಿಗೆ ಒಂದು ಎಚ್ಚರಿಕೆ ಇದೆ. ನಗರ ಇರುವುದು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲೆ, ಗಾಳಿಯ ಒತ್ತಡ 91 ಕಿಲೊಪ್ಯಾಸ್ಕಲ್ ಆಸುಪಾಸು. ಒತ್ತಡದ ಅಕ್ಷವಿರುವ ಟೇಬಲ್ ಆದರೆ 95 ಮತ್ತು 100ರ ಕಾಲಂಗಳಿಗೆ ಎಂಜಿನ್ ಹೋಗುವುದೇ ಇಲ್ಲ, ಅವು ಹಳೆಯ ಮೌಲ್ಯದಲ್ಲೇ ಉಳಿಯುತ್ತವೆ. ಶಿರಾಡಿ ಘಾಟಿ ಇಳಿದು ಮಂಗಳೂರು ತಲುಪಿ ಪೂರ್ತಿ ಥ್ರಾಟಲ್ ಕೊಟ್ಟ ಕ್ಷಣ ಎಂಜಿನ್ ಯಾರೂ ಮುಟ್ಟದ ಆ ಸೆಲ್‌ಗಳಲ್ಲಿ ಓಡುತ್ತದೆ, ಕರಾವಳಿಯ ಸೆಕೆಯಲ್ಲಿ. 90ರ ಕಾಲಂನಲ್ಲಿ ಪ್ರತಿ ಆರ್‌ಪಿಎಂಗೆ ಬಂದ ಶೇಕಡಾವಾರು ತಿದ್ದುಪಡಿಯನ್ನೇ 95 ಮತ್ತು 100ಕ್ಕೂ ವಿಸ್ತರಿಸಿ, ಎರಡೂ ಟೇಬಲ್‌ಗಳಲ್ಲಿ ಬೇರೆ ಬೇರೆಯಾಗಿ. ಕೆಳಗೆ ಹೋದಾಗ ಒಮ್ಮೆ ಲಾಗ್ ಮಾಡಿ ಖಚಿತಪಡಿಸಿಕೊಳ್ಳಿ.

ಸ್ಪಾರ್ಕ್

ಪೆಟ್ರೋಲ್ ಎರಡರಲ್ಲೂ ಸರಿ ಬರುವ ತನಕ ಸ್ಪಾರ್ಕ್ ಟೇಬಲ್ ಮುಟ್ಟಬೇಡಿ. ಲೀನ್ ಆಗಿ ನಾಕ್ ಆಗುತ್ತಿರುವುದನ್ನು ಅಡ್ವಾನ್ಸ್ ಕಡಿಮೆ ಮಾಡಿ ಮುಚ್ಚಿದರೆ ಎಕ್ಸಾಸ್ಟ್ ಇನ್ನಷ್ಟು ಕಾಯುತ್ತದೆ, ಅದೂ ಮೊದಲೇ ಬಿಸಿಯಿರುವ ಹಿಂದಿನದರಲ್ಲಿ.

ಲಾಗ್‌ನಲ್ಲಿ ನಾಕ್ ರಿಟಾರ್ಡ್ (ನಾಕಿಂಗ್ ಕಂಡು ಇಸಿಯು ಕಡಿಮೆ ಮಾಡಿದ ಅಡ್ವಾನ್ಸ್) ಮುಂದಿನದಕ್ಕೆ, ಹಿಂದಿನದಕ್ಕೆ ಬೇರೆ ಬೇರೆ ಸಿಗುತ್ತದೆ. ಸಾಮಾನ್ಯವಾಗಿ ಅದು ಕಾಣುವುದು ಹಿಂದಿನದರಲ್ಲಿ, 2500ರಿಂದ 3500 ಆರ್‌ಪಿಎಂ ನಡುವೆ, ಮೇಲಿನ ಗೇರ್‌ನಲ್ಲಿ ಏರು ಹತ್ತಿಸುವಾಗ. ಒಮ್ಮೆ ಕಂಡದ್ದಕ್ಕೆ ಟೇಬಲ್ ತಿದ್ದಬೇಡಿ. ಒಂದೇ ಸೆಲ್‌ನಲ್ಲಿ ಮೂರು ಸಲವಾದರೂ ಮರುಕಳಿಸಿದರೆ ಆ ಸೆಲ್ ಮತ್ತು ಅಕ್ಕಪಕ್ಕದವುಗಳಲ್ಲಿ, ಆ ಸಿಲಿಂಡರ್‌ಗೆ ಮಾತ್ರ, 2 ಡಿಗ್ರಿ ಕಡಿಮೆ ಮಾಡಿ. ಮುಂದಿನದನ್ನು ಇದ್ದಂತೆ ಬಿಡಿ. ಎರಡಕ್ಕೂ ಒಂದೇ ಸ್ಪಾರ್ಕ್ ಇರಲಿ ಎಂಬ ಅಚ್ಚುಕಟ್ಟುತನಕ್ಕೆ ಮುಂದಿನದರ ಶಕ್ತಿ ಬಿಟ್ಟುಕೊಡುವುದರಲ್ಲಿ ಅರ್ಥವಿಲ್ಲ. ಹಿಂದಿನದಕ್ಕೆ ಪೂರ್ತಿ ಲೋಡ್‌ನಲ್ಲಿ ಶೇಕಡಾ 1ರಿಂದ 2 ಹೆಚ್ಚು ಪೆಟ್ರೋಲ್ ಕೊಡುವುದೂ ಇದೆ. ನಮ್ಮ ಬೇಸಿಗೆಗೆ ಅದು ಒಳ್ಳೆಯ ಅಭ್ಯಾಸ.

ದೊಡ್ಡ ಟ್ವಿನ್ ಕ್ಯಾಮ್ ಎಂಜಿನ್‌ಗಳಲ್ಲಿ, ಮುಖ್ಯವಾಗಿ ಟೂರಿಂಗ್ ಗಾಡಿಗಳಲ್ಲಿ, ಟ್ರಾಫಿಕ್‌ನಲ್ಲಿ ನಿಂತಾಗ ಹಿಂದಿನ ಸಿಲಿಂಡರ್ ಸತ್ತಂತೆ ಓಡಿದರೆ ರಿಪೇರಿಗೆ ಕೈ ಹಾಕುವ ಮೊದಲು ನೆನಪಿಡಿ: ಎಂಜಿನ್ ವಿಪರೀತ ಕಾದಾಗ ಐಡ್ಲಿಂಗ್‌ನಲ್ಲಿ ಹಿಂದಿನದನ್ನು ಇಸಿಯು ಬೇಕೆಂದೇ ಆರಿಸುವ ಸೌಲಭ್ಯ ಅವುಗಳಲ್ಲಿದೆ. ಸ್ವಲ್ಪ ರೇಸ್ ಕೊಟ್ಟರೆ ಅದು ಮತ್ತೆ ಉರಿಯುತ್ತದೆ.

ಒಂದೇ ಕಾರ್ಬ್ಯುರೇಟರ್ ಇದ್ದರೆ

1988ರಿಂದ 2006ರ ಮಾಡೆಲ್‌ವರೆಗಿನ ಸ್ಪೋರ್ಟ್‌ಸ್ಟರ್‌ಗಳಲ್ಲಿ 40 ಮಿ.ಮೀ. ಕೀಹಿನ್ ಸಿವಿ ಕಾರ್ಬ್ಯುರೇಟರ್ ಒಂದೇ. ಹೊರದೇಶದಲ್ಲಿರುವ ಓದುಗರ ಕೈಯಲ್ಲಿ ಇವು ಇನ್ನೂ ಸಾಕಷ್ಟಿವೆ. ಇಲ್ಲಿ ಸಿಲಿಂಡರ್‌ಗೊಂದು ಪೆಟ್ರೋಲ್ ಕೊಡುವ ದಾರಿಯೇ ಇಲ್ಲ, ಆದ್ದರಿಂದ ಜೆಟ್ ಆರಿಸುವಾಗ ಲೀನ್ ಇರುವ ಸಿಲಿಂಡರ್ ನೋಡಿ ಆರಿಸಿ. ಇನ್ನೊಂದು ತುಸು ರಿಚ್ ಓಡುತ್ತದೆ, ಓಡಲಿ. ಮಿಕ್ಸ್ಚರ್ ಸ್ಕ್ರೂ ಎರಡೂವರೆ ಸುತ್ತಿನಿಂದ ಶುರು ಮಾಡಿ; ಮೂರು ಸುತ್ತು ದಾಟಿಯೂ ಐಡ್ಲಿಂಗ್ ಸುಧಾರಿಸುತ್ತಲೇ ಇದ್ದರೆ ಸ್ಲೋ ಜೆಟ್ 42 ಇದ್ದದ್ದನ್ನು 45 ಮಾಡಿ.

ಹಳೆಯ ಇಗ್ನಿಷನ್‌ಗಳಲ್ಲಿ ಎರಡೂ ಪ್ಲಗ್‌ಗಳು ಪ್ರತಿ ಸಲವೂ ಒಟ್ಟಿಗೆ ಕಿಡಿ ಹಾರಿಸುತ್ತವೆ. ಮುಂದಿನದು ಫೈರ್ ಆಗುವ ಹೊತ್ತಿಗೆ ಹಿಂದಿನದು ಇಂಟೇಕ್ ಸ್ಟ್ರೋಕ್ ಶುರು ಮಾಡಿ ವಾಲ್ವ್ ತೆರೆದು ಕೂತಿರುತ್ತದೆ. ಐಡ್ಲಿಂಗ್‌ನಲ್ಲಿ ಅಡ್ವಾನ್ಸ್ ಕಡಿಮೆ ಇರುವುದರಿಂದ ಕಿಡಿ ಇನ್ನೂ ತಡವಾಗಿ, ಹೊಸ ಮಿಶ್ರಣದ ನಡುವೆಯೇ ಬೀಳುತ್ತದೆ. ಕಾರ್ಬ್ಯುರೇಟರ್‌ನಿಂದ ಆಗಾಗ ಕೆಮ್ಮಿದ ಸದ್ದು ಬರುವುದಕ್ಕೆ ಇದೊಂದು ಕಾರಣ. ಎಷ್ಟು ಜೆಟ್ ಬದಲಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ಪ್ಲಗ್‌ಗಳಿಗೆ ಬೇರೆ ಬೇರೆಯಾಗಿ ಕಿಡಿ ಕೊಡುವ ಸಿಂಗಲ್ ಫೈರ್ ಇಗ್ನಿಷನ್ ಹಾಕಿದರೆ ಹೋಗುತ್ತದೆ.

ಎರಡು ಥ್ರಾಟಲ್ ಬಾಡಿಗಳ ಸಿಂಕ್

ಸುಜುಕಿ ಎಸ್‌ವಿ650, ಹ್ಯೋಸಂಗ್ ಜಿಟಿ650, ಡುಕಾಟಿ ಮಾನ್‌ಸ್ಟರ್ 795 ಮತ್ತು 796ರಂಥ 90 ಡಿಗ್ರಿ ಎಂಜಿನ್‌ಗಳಲ್ಲಿ ಸಿಲಿಂಡರ್‌ಗೊಂದು ಥ್ರಾಟಲ್ ಇದೆ. ಇಲ್ಲಿ ಪೆಟ್ರೋಲ್‌ಗಿಂತ ಮೊದಲು ಗಾಳಿ ಸಮ ಮಾಡಬೇಕು. ಡುಕಾಟಿ ಸ್ಕ್ರ್ಯಾಂಬ್ಲರ್ 800ರಲ್ಲಿ ಥ್ರಾಟಲ್ ಬಾಡಿ ಒಂದೇ, ಅದಕ್ಕೆ ಈ ಕೆಲಸವಿಲ್ಲ.

ಮೊದಲು ವಾಲ್ವ್ ಕ್ಲಿಯರೆನ್ಸ್. ಎಸ್‌ವಿ650ರಲ್ಲಿ ತಣ್ಣಗಿರುವಾಗ ಇಂಟೇಕ್ 0.10ರಿಂದ 0.20 ಮಿ.ಮೀ., ಎಕ್ಸಾಸ್ಟ್ 0.20ರಿಂದ 0.30. ಒಂದು ಸಿಲಿಂಡರ್‌ನ ವಾಲ್ವ್ ಬಿಗಿಯಾಗಿದ್ದರೆ ಅದರ ವ್ಯಾಕ್ಯೂಮ್ ಕಡಿಮೆ ಬರುತ್ತದೆ. ಅದನ್ನು ಸ್ಕ್ರೂನಿಂದ ಸರಿದೂಗಿಸಿದರೆ ಐಡ್ಲಿಂಗ್ ಮಾತ್ರ ನಯವಾಗಿ ಉಳಿದೆಲ್ಲ ಕೆಡುತ್ತದೆ.

ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಎರಡು ವ್ಯಾಕ್ಯೂಮ್ ಗೇಜ್ ಜೋಡಿಸಿ. ಮೊದಲು ಎರಡನ್ನೂ ಒಂದೇ ಸಿಲಿಂಡರ್‌ಗೆ ಹಾಕಿ ಒಂದೇ ಓದುತ್ತವೆಯೇ ನೋಡಿ; ಅಗ್ಗದ ಗೇಜ್‌ಗಳು ಓದುವುದಿಲ್ಲ. ಮುಳ್ಳು ಕುಣಿಯುತ್ತಿದ್ದರೆ ಪೈಪ್‌ನಲ್ಲಿ ಸಣ್ಣ ರಿಸ್ಟ್ರಿಕ್ಟರ್ ಇರಲಿ. ಐಡ್ಲಿಂಗ್‌ನಲ್ಲಿ ಅಂತರ 1 ಸೆಂ.ಮೀ. ಪಾದರಸದ ಒಳಗೆ ತನ್ನಿ. ಏರ್ ಬ್ಲೀಡ್ ಸ್ಕ್ರೂ (ಥ್ರಾಟಲ್ ಪಕ್ಕದಿಂದ ಸ್ವಲ್ಪ ಗಾಳಿ ಬಿಡುವ ಸ್ಕ್ರೂ) ಇರುವ ಗಾಡಿಗಳಲ್ಲಿ ಐಡ್ಲಿಂಗ್ ಅದರಿಂದ, 3000 ಆರ್‌ಪಿಎಂನಲ್ಲಿನ ಅಂತರ ಎರಡು ಥ್ರಾಟಲ್‌ಗಳನ್ನು ಜೋಡಿಸುವ ಲಿಂಕೇಜ್ ಸ್ಕ್ರೂನಿಂದ. ಮೊದಲು ಬ್ಲೀಡ್‌ಗಳನ್ನು ಪೂರ್ತಿ ಮುಚ್ಚಿ ಲಿಂಕೇಜ್ ಹೊಂದಿಸಿ, ಆಮೇಲೆ ಬ್ಲೀಡ್ ತೆರೆಯಿರಿ. ಬಣ್ಣ ಹಚ್ಚಿ ಸೀಲ್ ಮಾಡಿದ ಥ್ರಾಟಲ್ ಸ್ಟಾಪ್ ಸ್ಕ್ರೂ ಮುಟ್ಟಬೇಡಿ, ಅದನ್ನು ತಿರುಗಿಸಿದರೆ ಥ್ರಾಟಲ್ ಸೆನ್ಸರ್‌ನ ಸೊನ್ನೆಯೇ ತಪ್ಪುತ್ತದೆ.

ಗೇಜ್‌ಗೆ ದುಡ್ಡು ಹಾಕಲು ಮನಸ್ಸಿಲ್ಲವೇ? ಪಾರದರ್ಶಕ ಪೈಪ್ ಐದಾರು ಮೀಟರ್ ತಂದು ಹಲಗೆಗೆ ಯು ಆಕಾರದಲ್ಲಿ ಕಟ್ಟಿ, ಅರ್ಧ ಭಾಗ ಟೂ ಸ್ಟ್ರೋಕ್ ಆಯಿಲ್ ತುಂಬಿ, ಎರಡು ತುದಿ ಎರಡು ಸಿಲಿಂಡರ್‌ಗೆ ಜೋಡಿಸಿ. 1 ಸೆಂ.ಮೀ. ಪಾದರಸದ ಅಂತರ ಇಲ್ಲಿ ಸುಮಾರು 15 ಸೆಂ.ಮೀ. ಆಗಿ ಕಾಣುವುದರಿಂದ ಕೊಳ್ಳುವ ಗೇಜ್‌ಗಳಿಗಿಂತ ಇದು ಸೂಕ್ಷ್ಮ. ಆದರೆ ಸಿಂಕ್ ತುಂಬಾ ತಪ್ಪಿದ್ದರೆ ಆಯಿಲ್ ಪೂರ್ತಿ ಎಂಜಿನ್‌ನೊಳಕ್ಕೆ ಹೋಗುತ್ತದೆ. ಒಂದು ಕೈ ಕಿಲ್ ಸ್ವಿಚ್ ಮೇಲಿರಲಿ. ಟೂ ಸ್ಟ್ರೋಕ್ ಆಯಿಲ್ ಆದರೆ ಒಂದಿಷ್ಟು ಒಳಗೆ ಹೋದರೂ ಹೊಗೆಯಾಗಿ ಉರಿದುಹೋಗುತ್ತದೆ. ನೀರು ಹಾಕಬೇಡಿ.